ಪ್ರಶ್ನಿ ಕೇಳಬಾರದ ಸಭಾ

ಓಂ ಶ್ರೀ ಗುರುಬಸವಲಿಂಗಾಯ ನಮಃ

ಶಿವಬಸವ ನಗರ, ಬೆಳಗಾವಿ
ಮಂಗಳವಾರ, ೧೮ ನವೆಂಬರ್ ೨೦೨೫

ಪ್ರೀತಿಯ ತಮ್ಮ ಶಿವಲಿಂಗಗ, ನಿನ್ನ ಅಕ್ಕ ಗಂಗಾದೇವಿಯ ಆಶೀರ್ವಾದ.

ನಿನ್ನ ಮೊಣಕಾಲು ಈಗ ಹ್ಯಾಂಗೈತಿ? ಕಣಕುಂಬಿ ಕಡೆ ಥಂಡಿ ಜೋರ ಬಿದ್ದಿರಬೇಕು. ದಿನಾ ಕಾಡಿನಾಗ ತಿರುಗೂ ನೌಕರಿ ನಿಂದು, ಮಲಗೂ ಮುಂದ ಎಳ್ಳೆಣ್ಣಿ ಕಾಸಿ ಹಚ್ಚಿಕೋ, ಆಲಸ್ಯ ಮಾಡಬ್ಯಾಡ. ರೊಟ್ಟಿಗೆ ಹಚ್ಕೊಳ್ಳೂ ಶೇಂಗಾ ಹಿಂಡಿ ಮುಗಿದಿದ್ರ ಹೇಳಿ ಕಳಸು, ಕುಟ್ಟಿ ಕೊಡ್ತೀನಿ. ಅವ್ವ ಆರಾಮ ಅದಾಳ ಅಂತ ಬರಿ ಅಂದಾಳ, ಬರದೀನಿ. ಆ ಕಾಡಿನಾಗ ನಿನ್ನ ಫೋನು ಹತ್ತೂದಿಲ್ಲ, ಹತ್ತಿದ್ರೂ ಈಗ ನೀ ಎತ್ತೂದಿಲ್ಲ ಅನ್ನೂದು ನನಗ ಗೊತ್ತೈತಿ. ಅದಕ್ಕ ಕಣಕುಂಬಿ ಬಸ್ಸಿನ ಕಂಡಕ್ಟರ್ ಬಾಳೇಶನ ಕೈಯಾಗ ಈ ಪತ್ರ ಕಳಸಾಕತ್ತೀನಿ. ಸಿಟ್ಟಿನ್ಯಾಗ ಹರದು ಒಗೀಬ್ಯಾಡ, ಪೂರಾ ಓದು.

"ಅವ್ವನ ದೇಹ ಕೊಯ್ಯಾಕ ಕೊಟ್ರ ನಾ ಮತ್ತ ನಿಮ್ಮ ಮಾರಿ ನೋಡಂಗಿಲ್ಲ" ಅಂತ, ಸುದ್ದಿ ಯಾರಿಂದ ಕೇಳಿದ್ಯೋ, ಇದ ಬಾಳೇಶನ ಕೂಡ ನೀ ಹೇಳಿ ಕಳಿಸಿದಿ. ಪಾಪ, ಆ ಮನಶ್ಯಾ ಬಾಗಿಲಾಗ ನಿಂತು ಒಂದ ಉಸಿರಿನ್ಯಾಗ ಒದರಿ, "ಅಕ್ಕಾರ, ಇದು ನನ್ನ ಮಾತಲ್ರಿ ಮತ್ತ" ಅಂತ ಚಾ ಸುದ್ದಾ ಕುಡೀದ ಹೋದ. ನಮ್ಮ ತಂಗಿ ಪೂರ್ಣಿಮಾನೇ ಅವ್ವನ ತಲಿ ಕೆಡಿಸ್ಯಾಳ ಅಂತ ನೀ ತಿಳಕೊಂಡಿ. ಹಂಗಲ್ಲೋ ತಮ್ಮಾ. ನಾ ಅವ್ವನ ಬಾಜು ಕುಂತಾಕಿ. ನಡದದ್ದು ನಡದಂಗ ಬರೀತೀನಿ. ನಮ್ಮೂರು ಬೀಡಿ ಸಾಲ್ಯಾಗ ಏಳನೇ ಇಯತ್ತೆ ತನಕ ಕಲ್ತಾಕಿ ನಾ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಪೂರ್ಣಿಮಾ ಮೆಡಿಕಲ್ ಕಾಲೇಜಿನ್ಯಾಗ, ಹೆಣ ಕೊಯ್ದು ಹುಡುಗರಿಗೆ ಕಲಸೂ ವಿಭಾಗದಾಗ, ಪೂರಾ ಪ್ರೊಫೆಸರ್ ಆದದ್ದು ನಿನಗ ಗೊತ್ತೈತಿ. ಹಂಗ ಹೊಸದಾಗಿ ಏರಿದವರು ಊರ ಮಂದಿನ್ನ ಕರದು ಒಂದು ಭಾಷಣ ಮಾಡಬೇಕಂತ, ಇಷ್ಟು ವರ್ಷ ತಾವು ಏನು ಕಲ್ತೀವಿ, ಯಾಕ ಕಲ್ತೀವಿ ಅಂತ. ಉದ್ಘಾಟನಾ ಉಪನ್ಯಾಸ ಅಂತಾರ ಅದಕ್ಕ. ಹೊಸ ಸೊಸಿ ಮೊದಲನೇ ಸಲ ಪಂಕ್ತಿಗೆ ನೀಡಿದಂಗ ಅಂತ ತಿಳಕೋ, ಎಲ್ಲಾರ ಕಣ್ಣೂ ಅಕಿ ಕೈ ಮ್ಯಾಲ. ವಿಶ್ವವಿದ್ಯಾಲಯದ ಸಭಾಭವನದಾಗ ಎರಡು ದಿನ ನಡೀತು, ಕಾನೂನಿನವರು, ಇತಿಹಾಸದವರು ಎಲ್ಲಾ ಮಾತಾಡಿದ್ರು. ಶನಿವಾರ ನಮ್ಮಕಿಗಿಂತ ಮೊದಲ ಗಣಿತದ ಪ್ರೊಫೆಸರ್ ಬಿಂದುಮಾಧವ ಅನ್ನಾವ್ರು ಕೈಯಾಗ ಹಗ್ಗ ಹಿಡ್ಕೊಂಡು ಗಂಟಿನ ಬಗ್ಗೆ ಒಂದು ತಾಸು ಹೇಳಿದ್ರು. ಅವ್ವ ನನ್ನ ಕಿವ್ಯಾಗ, "ಇಷ್ಟು ಓದಿ ಆಕಳ ಕರಾ ಕಟ್ಟೂದು ಕಲ್ತಾರೇನ ಇವರು?" ಅಂದ್ಲು. ನಾ ಸೆರಗು ಬಾಯಿಗಿ ಇಟ್ಕೊಂಡೆ. ಈ ಉಪನ್ಯಾಸ ಆದ ಮ್ಯಾಲ ಪ್ರಶ್ನಿ ಕೇಳೂ ಪದ್ಧತಿ ಇಲ್ಲ, ಚಪ್ಪಾಳಿ ಬಡದು ಶಾಲು ಹೊಚ್ಚೂದಷ್ಟ ಅಂತ ಕುಲಪತಿಗಳು ಮೊದಲ ಹೇಳಿದ್ರು. ಅವ್ವನೂ ಕೇಳಿದ್ಲು, ಕಿವಿ ಇನ್ನೂ ಚಲೋ ಅದಾವು ಅಕಿವು.

ಪೂರ್ಣಿಮಾ ಇಳಕಲ್ ಸೀರಿ ಉಟ್ಟಿದ್ಲು. ಪರದೆ ಮ್ಯಾಲ ಮನಶ್ಯಾರ ಅಂಗೈದು ದೊಡ್ಡ ಚಿತ್ರ ಬಂತು, ಒಳಗಿನ ನರಾ ಎಲ್ಲಾ ಬೇರು ಬಿಟ್ಟಂಗ. ಇಂಗ್ಲಿಷಿನ್ಯಾಗ ಚಾಲೂ ಮಾಡಿದಾಕಿ ಒಮ್ಮಿಂದೊಮ್ಮೆಲೆ ಕನ್ನಡಕ್ಕ ಬಂದ್ಲು. "ಖಾನಾಪುರ ತಾಲೂಕಿನ ಒಬ್ಬ ರೈತ. ಮೇವು ಕತ್ತರಿಸೋ ಮಶೀನಿಗೆ ಎಡಗೈ ಸಿಕ್ಕಿತು. ಹೊಲಿಗೆ ಹಾಕಿದ ಡಾಕ್ಟರು ಆಗ ಹೊಸಬರು. ಚರ್ಮ ಕೂಡಿಸಿದ್ರು, ಬೆರಳು ಎಳೆಯುವ ಒಳಗಿನ ಹುರಿ ಕೂಡಿಸಲಿಲ್ಲ. ತಾವು ಕಲಿಯುವಾಗ ಒಂದು ದೇಹದ ಸುತ್ತ ಗುಂಪು ನಿಂತಿರ್ತಿತ್ತು, ಹಿಂದಿನ ಸಾಲಿಗೆ ಕೈ ಕಂಡೇ ಇರಲಿಲ್ಲ ಅಂತ ಎಷ್ಟೋ ವರ್ಷದ ಮೇಲೆ ಅವರೇ ನನಗೆ ಹೇಳಿದ್ರು." ಅದು ನಮ್ಮಪ್ಪನ ಕೈ. ಅವ್ವ ದೊಡ್ಡ ದನಿಲೆ "ನಮ್ಮ ಮನಿಯವ್ರು!" ಅಂದೇ ಬಿಟ್ಲು. ಇಡೀ ಸಭಾ ಹೊಳ್ಳಿ ನೋಡ್ತು. ಪೂರ್ಣಿಮಾ ಒಂದು ಗುಟುಕು ನೀರು ಕುಡದು ಮುಂದ ಹೇಳಿದ್ಲು. ಸತ್ತ ಮ್ಯಾಲ ಹುಡುಗರ ಕಲಿಕಿಗೆ ದೇಹ ಕೊಡೋರು ಭಾಳ ಕಡಿಮಿ, ಹಿಂದ ನಿಂತ ಹುಡುಗರು ಇವತ್ತಿಗೂ ಹಿಂದ ಅದಾರ, ತಂದಿ ತಾಯಿ ಇದ್ದವರು ಮನ್ಯಾಗ ಕುಂತು ವಿಚಾರ ಮಾಡ್ರಿ ಅಂತ ಕೈ ಮುಗದ್ಲು.

ಚಪ್ಪಾಳಿ ಬಿತ್ತು. ಕುಲಪತಿಗಳು ಶಾಲು ಬಿಚ್ಚಿದ್ರು. ಅಷ್ಟರಾಗ ಅವ್ವ ನನ್ನ ಹೆಗಲಿಗೆ ಕೈ ಕೊಟ್ಟು ಎದ್ದು ನಿಂತ್ಲು. ಸೀರಿ ಜಗ್ಗಿದೆ, ಕೈ ಝಾಡಿಸಿದ್ಲು. "ಯವ್ವಾ ಪೂರ್ಣಿ, ನನ್ನ ತಗೋತೀಯೇನು?" ಅಂದ್ಲು. ಚಪ್ಪಾಳಿ ನಿಂತ್ವು. ಶಾಲು ಹಿಡದವರು ಹಂಗ ನಿಂತ್ರು. ಪೂರ್ಣಿಮಾನ ಮಾರಿ ಬೆಳ್ಳಗಾತು. ಎದುರಿಗೆ ಮೈಕ್ ಇತ್ತು ನೋಡು, "ಇಲ್ಲವ್ವಾ" ಅಂದದ್ದು ಮೂಲಿ ಮೂಲಿಗೆ ಕೇಳ್ತು. ಹಿಂದಿಂದ ಯಾರೋ ಒಬ್ಬಾಂವ, "ಮಂದಿ ಅವ್ವಂದಿರು ಬೇಕು, ತನ್ನವ್ವ ಬ್ಯಾಡೇನ್ರಿ?" ಅಂದ. ನಾಕ ಮಂದಿ ನಕ್ರು. ಶಿವಲಿಂಗಾ, ನಮ್ಮ ತಂಗಿ ಅವತ್ತು ಶಾಲು ಹೊಚ್ಚಿಸಿಕೊಂಡ ಪಾಡು ಯಾರಿಗೂ ಬರಬಾರದು, ತಲಿ ಎತ್ತಲಿಲ್ಲ.

ಮನಿಗೆ ಬಂದ ಮ್ಯಾಲ ಖರೇ ಜಗಳ. "ಟೇಬಲ್ ಮ್ಯಾಲಿನ ಅರಿವಿ ತಗದಾಗ ನಿನ್ನ ಮಾರಿ ಕಂಡ್ರ ನಾ ಮತ್ತ ಆ ಬಾಗಲಾ ದಾಟಂಗಿಲ್ಲವ್ವಾ. ಬೇಕಾದ್ರ ಬ್ಯಾರೆ ಊರಿನ ಕಾಲೇಜಿಗೆ ಕೊಡು" ಅಂತ ಪೂರ್ಣಿಮಾ ಅತ್ಲು. ಅವ್ವ, "ಗುರ್ತಿಲ್ಲದವರ ಮನಿಗೆ ನಾ ಯಾಕ ಹೋಗ್ಲಿ? ಮಗಳಿದ್ದಲ್ಲಿ ಹೋಗ್ತೀನಿ" ಅಂದ್ಲು. ಅವತ್ತಿಂದ ತಾಯಿ ಮಗಳಿಗೆ ಮಾತಿಲ್ಲ. "ನಿನ್ನ ತಂಗಿಗೆ ಹೇಳು, ಚಾಕ್ಕ ಸಕ್ಕರಿ ಹೆಚ್ಚಾಗೈತಿ" ಅಂತ ಅವ್ವ ನನಗ ಹೇಳ್ತಾಳ, ತಂಗಿ ಅಲ್ಲೇ ಎದುರಿಗೆ ನಿಂತಿರ್ತಾಳ. ನಿನ್ನೆ ಅಕಿ ಕಾಲೇಜಿಗೂ ಹೋಗಲಿಲ್ಲ. ಹೇಳು, ಇದರಾಗ ಅಕಿ ತಲಿ ಕೆಡಿಸಿದ್ದು ಎಲ್ಲೈತಿ?

ನಿನ್ನ ಹೊಟ್ಟಿ ಉರಿ ನನಗ ತಿಳೀತೈತಿ. ಅಪ್ಪ ತೀರಿದ ಮ್ಯಾಲ ಹೊಲದಾಗ ಕುಣಿ ತೋಡಿ ಕುಂಡರಿಸಿದಾಗ ಎಡಗೈಯಾಗ ಲಿಂಗ ಇಟ್ರು, ಆ ಬೆರಳು ಮಡಚಲಿಲ್ಲ. ಅಯ್ಯನವರ ಮಂತ್ರ ಮುಗಿಯೂತನಾ ನೀ ಕುಣ್ಯಾಗ ಇಳದು ಅಪ್ಪನ ಕೈ ಎರಡೂ ಕೈಲೆ ಹಿಡ್ಕೊಂಡು ಕುಂತಿದ್ದಿ, ಆಮ್ಯಾಲ ಬಿಳೆ ಅರಿವಿಲೆ ಕಟ್ಟಿದ್ರು. ಅವ್ವನ್ನೂ ಅಲ್ಲೇ ಬಾಜು ನಿನ್ನ ಕೈಲೆ ಕುಂಡರಸಬೇಕಂತ ನಿನಗ ಐತಿ. ನನಗೂ ಇತ್ತು. "ಮಣ್ಣು ಬ್ಯಾಡೇನವ್ವಾ, ಲಿಂಗ ಎಲ್ಲಿ ಇಡೂದು?" ಅಂತ ಕೇಳೇ ಕೇಳಿದೆ. "ಲಿಂಗ ನಿಮ್ಮಪ್ಪನ ಬಾಜು ಇಡ್ರಿ. ಕೈ ಮಾತ್ರ ಆ ಹುಡುಗರು ನೋಡ್ಲಿ" ಅಂದ್ಲು. ಎರಡು ದಿನ ಪೂಜಾಕ್ಕ ಕುಂತಾಗ ಬಸವಣ್ಣಗ ಇದನ್ನ ಕೇಳೀನಿ. ನನಗ ಇದು ಸೇರೇತಿ ಅಂತ ನಿನ್ನ ಮುಂದ ಸುಳ್ಳು ಹೇಳಂಗಿಲ್ಲ. ಮೈಮ್ಯಾಲ ಅರಿವಿ ಇಲ್ಲದಂಗ ಅವ್ವ ಮಂದಿ ನಡುವ ಮಲಗೂದು ನೆನಸಿದ್ರ ತಾಟು ಸರಿಸಿ ಎದ್ದು ಬಿಡ್ತೀನಿ. ಆದ್ರ ಐವತ್ತು ವರ್ಷದಾಗ ಅಕಿ ತನಗಂತ ಏನರ ಬೇಡಿದ್ದು ನನಗ ನೆನಪಿಲ್ಲ. ನೀನೂ ನೆನಸಿ ನೋಡು, ಸಿಕ್ರ ಹೇಳು.

ಹೊತ್ತಿಗೆ ಸರಿಯಾಗಿ ಉಣ್ಣು. ಪೂರ್ಣಿಮಾ ನಿನ್ನ ಕೇಳ್ಯಾಳ ಅಂತ ಬರೀಬೇಕಂದೆ, ಖರೇ ಅಂದ್ರ ಕೇಳಿಲ್ಲ, ಆದ್ರ ನಿನ್ನ ಮಾತು ಬಂದಾಗೆಲ್ಲ ಎದ್ದು ಒಳಗ ಹೋಗ್ತಾಳ. ಬಸವಣ್ಣ ನಿನ್ನ ಕಾಡಿನಾಗ ಕಾಯಲಿ.

ನಿನ್ನ ಅಕ್ಕ,
ಗಂಗಾದೇವಿ

ತಾ.ಕ.: ಬಾಳೇಶ ಬಾಗಿಲಾಗ ನಿಂತು ಗಡಿಬಿಡಿ ಮಾಡಾಕತ್ತಾನ. ನಿನಗ ಹೇಳಬ್ಯಾಡ ಅಂತ ಅವ್ವ ಆಣಿ ಹಾಕ್ಯಾಳ, ಆದ್ರ ಬರೀತೀನಿ. ಅಕಿದು ಹೃದಯದ ಆಪರೇಷನ್ ಐತಿ. ಗುರುವಾರ ಅಮಾಸಿ ಅಂತ ಶುಕ್ರವಾರ ಮುಂಜಾನೆಗೆ ಹಾಕ್ಯಾರ. ದೇಹ ಕೊಡೂದಕ್ಕ ಮಕ್ಕಳ ಸಹಿ ಕೇಳಿದ್ಲು. ಪೂರ್ಣಿಮಾ ಹಾಕಲಿಲ್ಲ, ನಾ ಇವತ್ತ ಮುಂಜಾನೆ ಪೂಜಾ ಮುಗಿಸಿ ಹಾಕೀನಿ. ಬೈಯೂದಿದ್ರ ನನಗ ಬೈ, ತಂಗಿಗಲ್ಲ. ನಿನ್ನ ಸಹಿ ನಾ ಬೇಡಂಗಿಲ್ಲ. ಆಪರೇಷನ್ನಿಗೆ ಒಳಗ ಒಯ್ಯೂ ಮುಂದ ಕೊರಳಾಗಿನ ಲಿಂಗ ತಗೀಬೇಕಂತ. ನಾ ತಗೋತೀನಿ ಅಂದ್ರ ಒಲ್ಲೆ ಅಂದ್ಲು. ಶಿವಲಿಂಗನ ಕೈಯಾಗ ಕೊಟ್ರ ಒಳಗ ಹೋಗ್ತೀನಿ, ಇಲ್ಲಾಂದ್ರ ಬೀಡಿಗೆ ನಡೀರಿ ಅಂತ ಕುಂತಾಳ. ಗುರುವಾರ ಸಂಜಿ ಬಸ್ಸಿಗೆ ಬಂದ ಬಿಡು. ಜಗಳ ಶನಿವಾರ ಮಾಡೂಣು.