ಲಾಯಮ್ಮನ ಅನಾನಸ್ ರಸ

ಜೂನ್ 20, ಹುಣ್ಣಿಮೆ

ಮೀನು ಮಾಂಸ ಇಲ್ಲದ ದಿನ. ಅಕ್ಕಿ ಹಿಟ್ಟು ಕದಡಿ, ಪುಟ್ಟ ಬಟ್ಟಲುಗಳಿಗೆ ಹೊಯ್ದು ಹಬೆಗಿಟ್ಟಾಯಿತು. ಮೇಲೆ ಉದುರಿಸಲು ಸೀಗಡಿ ಪುಡಿ ಬದಲು ಕ್ಯಾರೆಟ್ ತುರಿ. ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ, ಉದುರುದುರು ಆಗುವವರೆಗೆ ಹುರಿದೆ. ಹಂದಿ ಚರ್ಮದ ಬದಲು ಒಣಗಿದ ಬ್ರೆಡ್ಡಿನ ಚೂರು. ಅದನ್ನೂ ಕರಿಯಲಿಲ್ಲ. ಇವರ ಬಿ.ಪಿ. ನೋಡಿ ಡಾಕ್ಟರು ಉಪ್ಪು, ಎಣ್ಣೆ ಎರಡಕ್ಕೂ ಕತ್ತರಿ ಹಾಕಿದ ಮೇಲೆ ನನ್ನ ಅಡುಗೆಯ ದಾರಿಯೇ ಬೇರೆಯಾಗಿದೆ. ಅದ್ದಿಕೊಳ್ಳಲು ಮೀನಿನ ಸಾರದ ಬದಲು ಅಮ್ಮ ಹೇಳಿಕೊಟ್ಟ ಅನಾನಸ್ ರಸ. ಅದೊಂದಿದ್ದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಗೊತ್ತಾಗುವುದಿಲ್ಲ.

ನಾದಿನಿ ಕ್ವಾನ್ ಊಟದ ಹೊತ್ತಿಗೆ ಸರಿಯಾಗಿ ಹಾಜರ್. ಪ್ರತಿ ಹುಣ್ಣಿಮೆ, ಅಮಾವಾಸ್ಯೆಗೂ ಹೀಗೇ. ಕೈ ತೊಳೆಯುವ ಮೊದಲೇ ಫೋನು ಹೊರಗೆ.

“ಅತ್ತಿಗೆ, ಈ ಕ್ಯಾರೆಟ್ ಐಡಿಯಾ ಸೂಪರ್! ಒಂದು ವಿಡಿಯೊ ತಗೊಳ್ಲಾ?”

“ತಗೊಳಮ್ಮ. ಆರಿ ಹೋಗೋಕೆ ಮುಂಚೆ ತಿನ್ನು, ಅಷ್ಟೆ.”

ಹೋಗುವಾಗ ರಸದ ಒಂದು ಬಾಟ್ಲಿ ಕೇಳಿದಳು. ಕೊಟ್ಟೆ. ಮನೆ ಮಗಳು, ಇಲ್ಲ ಎನ್ನಲಾಗುತ್ತದೆಯೇ?

ಜೂನ್ 23

ಪಕ್ಕದ ಮನೆಯವಳು ಬೇಲಿ ಹತ್ತಿರ ನಿಂತು ಕರೆದಳು. “ಮಿಯೆನ್ ಅಕ್ಕಾ, ನಿಮ್ ನಾದಿನಿ ಚಾನೆಲ್ ನೋಡಿದ್ರಾ? ಎಷ್ಟು ಜನ ನೋಡ್ತಿದ್ದಾರೆ ಗೊತ್ತಾ!”

ನೋಡಿದೆ. ನನ್ನ ಕ್ಯಾರೆಟ್. ನನ್ನ ಬ್ರೆಡ್ ಚೂರು. ಹೋದ ತಿಂಗಳಿನ ಎಳೆ ಹಲಸಿನ ಪಲ್ಯ, ಅಣಬೆ ಕಾಂಡ ಬಿಡಿಸಿ ಮಾಡಿದ ಹುಡಿ — ಎಲ್ಲ ನನ್ನವೇ. ‘ನನ್ನ ಆರೋಗ್ಯದ ಅಡುಗೆಮನೆ’ ಅಂತೆ. ಹೋಗಲಿ, ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಕೊನೆಯಲ್ಲಿ ಅಮ್ಮನ ಬಾಟ್ಲಿ ಎತ್ತಿ ಹಿಡಿದು ಹೇಳುತ್ತಾಳೆ: “ಇದು ನಮ್ಮ ಮುತ್ತಜ್ಜಿ ಅರಮನೆ ಅಡುಗೆಮನೆಯಿಂದ ತಂದ ಗುಟ್ಟು. ರಾಣೀರು ಉಪವಾಸದ ದಿನ ಇದನ್ನೇ ತಿಂತಿದ್ರು.”

ಅರಮನೆ! ಒಂದು ಕಾಲಕ್ಕೆ ರಾಜಧಾನಿಯಾಗಿದ್ದ ಈ ಹ್ವೆ ಊರಿನಲ್ಲಿ ಯಾರ ಮನೆಯ ಗಂಜಿ ಕೇಳಿದರೂ ಅರಮನೆಯಿಂದಲೇ ಬಂದಿರುತ್ತದೆ. ಕ್ವಾನಳ ಹೆಸರಿನ ಹಿಂದೆ ‘ತೋನ್ ನೂ’ ಅಂತ ಬೇರೆ ಇದೆ, ರಾಜವಂಶದ ಹೆಣ್ಣು ಎಂದು ಮೂಗು ಮೇಲೆತ್ತಲು ಅಷ್ಟು ಸಾಕು.

ಆ ರಸ ಹುಟ್ಟಿದ್ದು ಅನ್ ಕೂ ಮಾರ್ಕೆಟ್ಟಿನ ನೆಲದ ಮೇಲೆ. ರೇಷನ್ನಿನ ಕಾಲ. ಅಮ್ಮ, ಮಾರ್ಕೆಟ್ಟಿನವರ ಲಾಯಮ್ಮ, ಅನಾನಸ್ ಹೆಚ್ಚಿ ಮಾರುತ್ತಿದ್ದಳು. ಹಣ್ಣು ಗಿರಾಕಿಗೆ, ಸಿಪ್ಪೆ ನಮಗೆ. ಸಿಪ್ಪೆ ತೊಳೆದು, ಉಪ್ಪು, ಮೂಲಂಗಿ, ಹುರಿದ ಸೋಯಾ ಕಾಳು ಹಾಕಿ, ದಿನವಿಡೀ ಕುದಿಸಿ, ಬಟ್ಟೆಯಲ್ಲಿ ಸೋಸಿ ಈ ರಸ ಮಾಡಿದಳು. ಭಿಕ್ಷುಣಿಯರ ವಿಹಾರದಿಂದ ಕೇಳಿಕೊಂಡು ಬಂದರು. ಕೈ ನಡುಗಲು ಶುರುವಾಗುವವರೆಗೂ ವಿಹಾರಕ್ಕೆ ಅಮ್ಮನದೇ ರಸ. ‘ನನ್ನ ಕೈ ರುಚಿ ಅವರ ಬಟ್ಟಲಲ್ಲಿ’ ಎನ್ನುತ್ತಾಳೆ ಈಗಲೂ. ಅವಳ ಬದುಕಿನಲ್ಲಿ ತಲೆಯೆತ್ತಿ ಹೇಳಿಕೊಳ್ಳುವ ಮಾತು ಅದೊಂದೇ.

ನನ್ನ ಮದುವೆಗೆ ಅಮ್ಮ ಇದೇ ರಸ ತಂದಿದ್ದಳು. ಅತ್ತೆ ಎರಡು ಬೆರಳಲ್ಲಿ ಹಿಡಿದು ಹೊರಗಿಡಿಸಿದರು — “ಸಿಪ್ಪೆ ನೀರು” ಎಂದು. ಈಗ ಅದೇ ಅತ್ತೆಯ ಮಗಳಿಗೆ ಅದು ರಾಣಿಯರ ರಸ.

ಇವರಿಗೆ ತೋರಿಸಿದೆ. “ಬಿಡೇ ಮಿಯೆನ್. ಚಿಕ್ಕವಳು, ಏನೋ ಆಟ ಆಡ್ತಾಳೆ.”

ನಲವತ್ತು ದಾಟಿದ ಚಿಕ್ಕವಳು!

ಜುಲೈ 6, ಅಮಾವಾಸ್ಯೆ

ಕೇಳಿಯೇ ಬಿಟ್ಟೆ. ಬಾಳೆಹೂವಿನ ಪಲ್ಯ ಬಡಿಸುತ್ತಾ, ನಗುನಗುತ್ತಲೇ. “ಕ್ವಾನ್, ಆ ರಸ ನಮ್ಮಮ್ಮಂದು ಅಂತ ಒಂದು ಮಾತು ಹೇಳಬಾರದಾಗಿತ್ತಾ?”

ಅವಳಿಗೆ ನಿಜಕ್ಕೂ ನಗು ಬಂತು. “ಅಯ್ಯೋ ಅತ್ತಿಗೆ! ಸಿಪ್ಪೆ ಆರಿಸೋಳ ರಸ ಅಂದ್ರೆ ಯಾರಾದ್ರೂ ನೋಡ್ತಾರಾ? ನೀವೇ ಹೇಳಿ. ಬೇಜಾರು ಮಾಡ್ಕೋಬೇಡಿ, ಇನ್ನೊಂಚೂರು ಪಲ್ಯ ಹಾಕಿ.”

ಹಾಕಿದೆ. ಸೌಟು ಅವಳ ತಲೆಯ ಮೇಲೆ ಕುಟ್ಟದೆ ತಟ್ಟೆಗೆ ಬಡಿಸಿದ್ದು ನನ್ನ ದೊಡ್ಡತನ.

ಸಿಪ್ಪೆ ಆರಿಸೋಳು. ಇರಲಿ. ಅದೇ ಬಾಯಿಂದ, ಎಲ್ಲರ ಎದುರು, ‘ಇದು ಲಾಯಮ್ಮನ ರಸ’ ಎಂದು ಹೇಳಿಸದಿದ್ದರೆ ನನ್ನ ಹೆಸರು ಮಿಯೆನ್ ಅಲ್ಲ.

ಜುಲೈ 19

ಎರಡು ವಾರದಿಂದ ರಸ ಕೊಟ್ಟಿಲ್ಲ. ‘ಖಾಲಿ’ ಎಂದೆ. ಅಡುಗೆಮನೆಯ ಅಟ್ಟದ ಮೇಲೆ ನಾಲ್ಕು ಬಾಟ್ಲಿ ಇದೆ.

ಇವತ್ತು ಫೋನು. ದನಿಯಲ್ಲಿ ಜೇನು. “ಅತ್ತಿಗೇ… ಎಲ್ಲರೂ ರಸ ಮಾಡೋದು ತೋರಿಸಿ ತೋರಿಸಿ ಅಂತ ಪ್ರಾಣ ತಿಂತಿದ್ದಾರೆ. ನಮ್ಮಮ್ಮನ ತಿಥಿ ಬಂತಲ್ಲ, ಆಗಸ್ಟಲ್ಲಿ. ಈ ಸಲ ನಮ್ಮನೇಲಿ ಮಾಡ್ತೀನಿ. ವಿಹಾರದ ಹಿರೇ ಭಿಕ್ಷುಣಿ ದೊಡ್ಡಮ್ಮನವರೇ ಬಂದು ಮಂತ್ರ ಹೇಳಿ ಊಟ ಮಾಡ್ತಾರೆ. ಲೈವ್ ಇಟ್ಕೋತೀನಿ. ನೀವು ರಸ ಹೇಳಿಕೊಡಲೇಬೇಕು.”

“ನೋಡೋಣ ಕಣಮ್ಮ.”

ಫೋನಿಟ್ಟು ಅಟ್ಟದ ಬಾಟ್ಲಿಗಳನ್ನು ಇನ್ನೊಮ್ಮೆ ಎಣಿಸಿದೆ. ಕುರಿ ತಾನಾಗಿ ಬಂದು ಕತ್ತು ಚಾಚಿದೆ.

ಜುಲೈ 21

ಮಾರ್ಕೆಟ್ಟಿನಲ್ಲಿ ಹೊಳೆಯಿತು. ಬೊವಾರೊ!

ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ದಿನಗಳಲ್ಲಿ ಅರ್ಧ ಊರು ಒಗ್ಗರಣೆಗೆ ಹಾಕುವುದು ಇದನ್ನೇ — ಉದ್ದ ದಂಟು, ಬಿಳಿ ಬುಡ. ಸಸ್ಯಾಹಾರಿ ಹೋಟೆಲುಗಳಲ್ಲೂ ಇದೇ. ಈರುಳ್ಳಿಯಲ್ಲವಲ್ಲ, ನಡೆಯುತ್ತದೆ ಎಂದು ಎಲ್ಲರ ನಂಬಿಕೆ. ಆದರೆ ಅದೂ ಈರುಳ್ಳಿಯ ತಂಗಿಯೇ. ವಿಹಾರದೊಳಗೆ ಅದಕ್ಕೆ ಪ್ರವೇಶ ಇಲ್ಲ. ವ್ರತದವರು ಅದರ ವಾಸನೆಗೇ ಬಟ್ಟಲು ಪಕ್ಕಕ್ಕಿಡುತ್ತಾರೆ. ಅಮ್ಮ ವಿಹಾರಕ್ಕೆ ರಸ ಕೊಡುತ್ತಿದ್ದಳಲ್ಲ, ನನಗೆ ಚಿಕ್ಕಂದಿನಿಂದ ಗೊತ್ತು. ಕ್ವಾನಳಿಗೆ ಎಲ್ಲಿಂದ ಗೊತ್ತಾಗಬೇಕು? ಅವಳ ಕೈ ಒಲೆ ಕಂಡಿದ್ದೇ ಫೋನು ಕಂಡ ಮೇಲೆ.

ಒಂದು ಕಟ್ಟು ಕೊಂಡುಕೊಂಡೆ. ಮನೆಯವರೆಗೂ ಒಬ್ಬಳೇ ನಗುತ್ತಾ ಬಂದೆ. ಸೈಕಲ್ಲಿನವನು ತಿರುಗಿ ನೋಡಿದ.

ಜುಲೈ 24

ಹೇಳಿಕೊಟ್ಟೆ. ಎಲ್ಲವನ್ನೂ ಸರಿಯಾಗಿಯೇ ಹೇಳಿದೆ — ಸಿಪ್ಪೆ ಉಜ್ಜಿ ತೊಳೆಯುವುದು, ಸಕ್ಕರೆ ಬದಲು ಕಬ್ಬಿನ ತುಂಡು, ಉಪ್ಪು ಕಡಿಮೆ ಮಾಡಿದರೆ ಮೂಲಂಗಿ ಹೆಚ್ಚಿಗೆ. ಕೊನೆಗೆ ಬೊವಾರೊ ಎತ್ತಿಕೊಂಡೆ.

“ಇದರ ಬುಡ ಹೆಚ್ಚಿ, ಕೆಂಪಗೆ ಹುರಿದು, ಕುದಿಯೋ ರಸಕ್ಕೆ ಬಿಡಬೇಕು. ಆಮೇಲೆ ಸೋಸಿಬಿಡು. ಕಣ್ಣಿಗೆ ಕಾಣಲ್ಲ, ಘಮ ಮಾತ್ರ ಉಳಿಯುತ್ತೆ.”

ಕ್ವಾನಳ ಕೈ ಒಂದು ಗಳಿಗೆ ನಿಂತಿತು. “ವಿಹಾರದವರಿಗೆ ಇದು ನಡಿಯುತ್ತಾ ಅತ್ತಿಗೆ?”

“ನಮ್ಮಮ್ಮ ಹೀಗೇ ಮಾಡ್ತಿದ್ದಿದ್ದು ಕಣೆ. ಅಷ್ಟು ವರ್ಷ ವಿಹಾರದವರು ತಿಂದಿಲ್ವಾ?”

ಸರಾಗವಾಗಿ ಬಂತು. ಯೋಚನೆ ಕೂಡ ಮಾಡಲಿಲ್ಲ.

“ಹಾಗಾದ್ರೆ ಸರಿ,” ಎಂದು ಫೋನಿನಲ್ಲಿ ಬರೆದುಕೊಂಡಳು. ಹೋಗುವಾಗ ನನ್ನ ತೋಳು ಹಿಡಿದು, “ನೀವಿಲ್ದಿದ್ರೆ ನನ್ನ ಗತಿ ಏನು ಅತ್ತಿಗೆ” ಎಂದಳು. ಗತಿ ತಿಥಿಯ ದಿನ ಗೊತ್ತಾಗುತ್ತದೆ, ತಾಳು.

ಆಗಸ್ಟ್ 5

ದಿನ ಹೋಗುತ್ತಿಲ್ಲ. ಇವರು ಊಟಕ್ಕೆ ಕೂತು, “ಏನೇ ಇಷ್ಟು ಖುಷಿ? ಸೋರೆಕಾಯಿ ಸಾರಿಗೂ ಶುಂಠಿ ಹಾಡು ಹೇಳ್ಕೊಂಡು ಜಜ್ತಾ ಇದ್ದೀಯಲ್ಲ?” ಎಂದರು.

“ನಿಮ್ಮಮ್ಮನ ತಿಥಿ ಬಂತಲ್ಲ ರೀ,” ಎಂದೆ.

ಅವರಿಗೆ ಕಣ್ಣು ತುಂಬಿತು, ಪಾಪ. ನಾನು ಎಂಥ ಸೊಸೆ ಎಂದುಕೊಂಡಿರಬೇಕು.

ಆಗಸ್ಟ್ 11, ಸಂಜೆ

ಆಯಿತು.

ಬರೆಯಬೇಕು. ಒಂದೊಂದಾಗಿ.

ಕ್ವಾನ್ ನೇರಳೆ ರೇಷ್ಮೆಯ ಉದ್ದ ಅಂಗಿ ಹಾಕಿದ್ದಳು. ಸ್ಟ್ಯಾಂಡಿನ ಮೇಲೆ ಫೋನು, ಲೈವ್ ಓಡುತ್ತಿತ್ತು. ಮಂತ್ರ ಮುಗಿಯಿತು. ಮಧ್ಯಾಹ್ನಕ್ಕೆ ಮುಂಚೆಯೇ ಭಿಕ್ಷುಣಿಯರ ಊಟ. ದೊಡ್ಡಮ್ಮನವರು ಒಂದು ಅಕ್ಕಿ ಬಿಲ್ಲೆ ತೆಗೆದು ರಸಕ್ಕೆ ಅದ್ದಿ ಬಾಯಿಯ ಹತ್ತಿರ ತಂದರು. ನಿಂತರು. ಊಟದ ಕಡ್ಡಿಗಳನ್ನು ಜೋಡಿಸಿ ಕೆಳಗಿಟ್ಟರು. ಅವರನ್ನು ನೋಡಿ ಉಳಿದವರೂ ಇಟ್ಟರು.

“ಇದರಲ್ಲಿ ಬೊವಾರೊ ಹಾಕಿದ್ದೀಯೇನಮ್ಮ?” ಗದರಲಿಲ್ಲ, ಬಹಳ ಮೆತ್ತಗೆ ಕೇಳಿದರು.

ಕ್ವಾನಳ ಮುಖದ ಪೌಡರಿನ ಕೆಳಗಿನ ಬಣ್ಣ ಇಳಿದು ಹೋಯಿತು. ಅಯ್ಯೋ, ಎಂಥ ಸುಖ! ಆ ಒಂದು ಗಳಿಗೆ — ಸುಳ್ಳು ಹೇಳುವುದಿಲ್ಲ — ಬೆಲ್ಲ ಚಪ್ಪರಿಸಿದ ಹಾಗಾಯಿತು.

ಆಮೇಲೆ ಅವಳು ಬಾಯಿ ಬಿಟ್ಟಳು.

“ಇದು ನಂದಲ್ಲ ದೊಡ್ಡಮ್ಮ! ನಮ್ಮತ್ತಿಗೆ ತಾಯಿ ಲಾಯಮ್ಮಂದು. ಅನ್ ಕೂ ಮಾರ್ಕೆಟ್ಟಲ್ಲಿ ಅನಾನಸ್ ಮಾರ್ತಿದ್ರಲ್ಲ, ಅವರ ರಸ ಇದು. ಅವರು ಹೀಗೇ ಮಾಡ್ತಿದ್ದಿದ್ದಂತೆ, ವಿಹಾರಕ್ಕೂ ಇದನ್ನೇ ಕೊಡ್ತಿದ್ದಿದ್ದಂತೆ. ಕೇಳಿ ಬೇಕಾದ್ರೆ, ಇಲ್ಲೇ ಇದ್ದಾರೆ ಅತ್ತಿಗೆ!”

ನಾನು ಬಯಸಿದ ಮಾತೇ. ಅದೇ ಬಾಯಿಂದ, ಎಲ್ಲರ ಎದುರು, ಲೈವಿನಲ್ಲಿ.

ದೊಡ್ಡಮ್ಮನವರು ನನ್ನ ಕಡೆ ತಿರುಗಿದರು. ಅವರು ಕ್ವಾಂಗ್ ತ್ರಿ ಕಡೆಯಿಂದ ಬಂದು ಹೆಚ್ಚು ಕಾಲವಾಗಿಲ್ಲ, ಅಮ್ಮನ ರಸ ಬಾಯಿಗಿಟ್ಟವರಲ್ಲ. “ಹಿಂದಿನ ದೊಡ್ಡಮ್ಮನವರು ಸಾಯೋವರೆಗೂ ಲಾಯ್ ಕೊಟ್ಟ ರಸ ಅಂತ ಹೊಗಳ್ತಿದ್ರಂತೆ. ಇದೇನಾ ಅದು?”

ತಲೆ ತಗ್ಗಿಸಿಬಿಟ್ಟೆ. ಅಲ್ಲ ಎಂದರೆ, ಮತ್ತೆ ಯಾಕೆ ಹಾಗೆ ಹೇಳಿಕೊಟ್ಟೆ ಎಂಬ ಪ್ರಶ್ನೆ ಬರುತ್ತದೆ. ಇವರು ಎದುರಿಗೇ ಕೂತಿದ್ದರು.

“ಗೊತ್ತಿಲ್ಲದೆ ಮಾಡಿದ್ದಕ್ಕೆ ದೋಷ ಇಲ್ಲ ಬಿಡಮ್ಮ,” ಎಂದು ಅವರೇ ನನಗೆ ಸಮಾಧಾನ ಹೇಳಿ, ಬರೀ ಅನ್ನ ತಿಂದು ಎದ್ದರು.

ಆಗಸ್ಟ್ 13

ವಿಡಿಯೊ ಊರೆಲ್ಲ ಸುತ್ತಿದೆ. ತೋಫು ಅಂಗಡಿಯವಳು ನನ್ನ ಕಂಡು ಪಕ್ಕದವಳಿಗೆ ಹೇಳಿದ್ದು ಕಿವಿಗೆ ಬಿತ್ತು: “ಆ ಲಾಯ್ ಮಗಳು ಕಣೇ. ಅಷ್ಟು ವರ್ಷ ವ್ರತದವರಿಗೆ ಈರುಳ್ಳಿ ರಸ ಕುಡಿಸಿದ್ಲಲ್ಲ, ಆ ಮುದುಕಿ!”

ಕ್ವಾನಳಿಗೆ ಏನಾಯಿತು? ಏನೂ ಆಗಲಿಲ್ಲ. ಕೈ ಮುಗಿದು ಕಣ್ಣೀರು ಸುರಿಸಿ ಕ್ಷಮೆ ಕೇಳುವ ಇನ್ನೊಂದು ವಿಡಿಯೊ ಹಾಕಿದ್ದಾಳೆ. ನೋಡುವವರು ದುಪ್ಪಟ್ಟಾಗಿದ್ದಾರೆ. ಅವಳ ಚಾನೆಲ್ಲಿಗೆ ಮಣ್ಣು ಬೀಳಲಿ. ಅವಳ ಒಲೆ ಆರಿ ಹೋಗಲಿ.

ಅಮ್ಮನಿಗೆ ಯಾರೂ ತೋರಿಸಬೇಡಿ ಎಂದು ತಮ್ಮನ ಮನೆಗೆ ಫೋನು ಮಾಡಿದೆ. ಆಗಲೇ ತೋರಿಸಿಯಾಗಿತ್ತು.

ಆಗಸ್ಟ್ 16

ಅಮ್ಮನನ್ನು ಇಲ್ಲಿಗೆ ಕರೆತಂದೆ. ಊಟ ಸೇರುತ್ತಿಲ್ಲ. ಕಮಲದ ಬೀಜದ ಗಂಜಿ ಮಾಡಿದೆ, ಹಲ್ಲಿಲ್ಲದ್ದಕ್ಕೆ ಅರೆದು ಹಾಕಿದೆ. ಎರಡು ಚಮಚ ತಿಂದು ದೂಡಿದಳು.

“ಮಿಯೆನ್, ನಾನು ಬೊವಾರೊ ಹಾಕ್ತಿದ್ನೇನೇ?”

“ಇಲ್ಲಮ್ಮ! ಯಾವತ್ತೂ ಇಲ್ಲ.”

“ಆ ಹುಡುಗಿ ಹಾಕ್ತಿದ್ರು ಅಂತ ಹೇಳ್ತಾಳಲ್ಲ. ನೀನೂ ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಸುಳ್ಳಾಗಿದ್ರೆ ಇಲ್ಲ ಅಂತಿದ್ದೆ, ನೀನು ಸುಮ್ನಿರೋಳಲ್ಲ.” ತನ್ನ ಕೈಗಳನ್ನೇ ನೋಡಿಕೊಂಡಳು. “ನನಗೂ ಈಗ ಏನೂ ನೆನಪಿರಲ್ಲ. ಹಾಕಿದ್ರೂ ಹಾಕಿರಬಹುದು.”

ಇಲ್ಲ ಇಲ್ಲ ಎಂದು ಕೂಗಿದೆ. ಮಗಳು ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಂಡಳು. ನನ್ನ ಬೆನ್ನು ಸವರಿದಳು. ಇನ್ನೂ ಒಂದು ಮಾತು ಹೇಳಬೇಕಿತ್ತು. ಬಾಗಿಲಲ್ಲಿ ಇವರು ನಿಂತಿದ್ದರು. ಹೇಳಲಿಲ್ಲ.

ನನಗೆ ಕ್ವಾನಳ ಮೇಲೆ ಇನ್ನೂ ಅಷ್ಟೇ ಸಿಟ್ಟಿದೆ. ಈಗ ಅದನ್ನು ಎಲ್ಲಿ ಇಡಬೇಕೋ ತಿಳಿಯುತ್ತಿಲ್ಲ.

ಆಗಸ್ಟ್ 18, ಬೆಳಿಗ್ಗೆ

ಚಾಂದ್ರಮಾನದ ಏಳನೇ ತಿಂಗಳ ಹುಣ್ಣಿಮೆ. ಊರಿನ ಮಕ್ಕಳೆಲ್ಲ ತಾಯಂದಿರ ಹೆಸರಲ್ಲಿ ಎದೆಗೆ ಗುಲಾಬಿ ಸಿಕ್ಕಿಸಿಕೊಂಡು ವಿಹಾರಕ್ಕೆ ಹೋಗುವ ದಿನ.

ಅಮ್ಮ ನನಗಿಂತ ಮೊದಲೇ ಎದ್ದು, ಬೂದು ಬಣ್ಣದ ನಿಲುವಂಗಿ ಹಾಕಿ, ಚಪ್ಪಲಿ ಮೆಟ್ಟಿ, ಹೊಸ್ತಿಲ ಹತ್ತಿರ ಕೂತಿದ್ದಾಳೆ. ಸೈಕ್ಲೋ ರಿಕ್ಷಾದವನಿಗೆ ಹೇಳಿ ಕಳಿಸಿದ್ದಾಳಂತೆ.

“ಎಲ್ಲಿಗಮ್ಮ?”

“ವಿಹಾರಕ್ಕೆ. ದೊಡ್ಡಮ್ಮನವರ ಕಾಲು ಹಿಡ್ಕೋತೀನಿ. ಹಾಕ್ತಿದ್ದೆ ಅಂತಾನೇ ಹೇಳಿಬಿಡ್ತೀನಿ ಕಣೇ. ಈ ವಯಸ್ಸಲ್ಲಿ ಇಲ್ಲ ಅಂತ ವಾದ ಮಾಡೋದು ಯಾಕೆ? ಎಲ್ಲರ ಎದುರಿಗೇ ಹೇಳ್ತೀನಿ, ಹಬ್ಬ ಅಲ್ವಾ, ಎಲ್ಲರೂ ಬಂದಿರ್ತಾರೆ. ನೀನು ಬರ್ತೀಯಾ, ಇಲ್ಲಿ ಕೆಲಸ ಇದೆಯಾ?”

ಬಟ್ಟೆ ಬದಲಿಸುವ ನೆಪ, ಒಲೆಯ ನೆಪ, ಏನೋ ಒಂದು ಹೇಳಿ ಒಳಗೆ ಬಂದು ಇದನ್ನು ಗೀಚುತ್ತಿದ್ದೇನೆ. ಹೊರಗೆ ಸೈಕ್ಲೋದ ಗಂಟೆ. ಇವರೂ ಎದ್ದಿದ್ದಾರೆ. ಕೇಳಲಿ, ಎಲ್ಲರೂ ಕೇಳಲಿ. ಅಮ್ಮ ಗೋಡೆ ಹಿಡಿದು ಏಳುತ್ತಿರುವ ಸದ್ದು. ತಡಿಯಮ್ಮ, ಬಂದೆ. ನೀನಲ್ಲಮ್ಮ ಹಾಕಿದ್ದು —