ಅಪ್ಪ ನೆಟ್ಟ ಸೀತಾಫಲ

ಔರಾದ್, ೧೮ ಏಪ್ರಿಲ್ ೨೦೧೬

ಪ್ರೀತಿಯ ಅವ್ವಾ,

ಪುಣೆಯ ಬಿಸಿಲಲ್ಲಿ ಇಟ್ಟಿಗೆ ಹೊರುವಾಗ ತಲೆಗೆ ಒದ್ದೆ ಬಟ್ಟೆ ಕಟ್ಟಿಕೋ.

“ಸೀತಾಫಲದ ಗಿಡ ಒಣಗ್ಯಾದ, ಕಡಿಸಿಬಿಡು” ಎಂದು ನೀನು ಫೋನಿನಲ್ಲಿ ಹೇಳಿದ್ದೆ. ನಾನು ಕಡಿಸಲಿಲ್ಲ. ಅದರ ಬೇರಿನ ತುದಿಯನ್ನು ಬೀದರಿನ ನಮ್ಮ ಕಾಲೇಜಿನ ಲ್ಯಾಬಿಗೆ ಒಯ್ದು ಪರೀಕ್ಷಿಸಿದೆ. ಜೀವಕೋಶ ಒಡೆದು ಎರಡಾಗುವಾಗಲೆಲ್ಲ ಅದರೊಳಗಿನ ಡಿಎನ್ಎ ಎಳೆಗಳ ತುದಿ ಸವೆಯುತ್ತದೆ. ಟೆಲೊಮರೇಸ್ ಎಂಬ ಕಿಣ್ವ ಅದನ್ನು ಮತ್ತೆ ಕಟ್ಟುತ್ತದೆ. ಬಲಿತ ಎಲೆಯಲ್ಲಿ ಅದು ಸುಮ್ಮನಿರುತ್ತದೆ, ಬೆಳೆಯುವ ತುದಿಯಲ್ಲಿ ಎಚ್ಚರವಿರುತ್ತದೆ. ನಮ್ಮ ಗಿಡದ ಬೇರಿನಲ್ಲಿ ಅದು ಎಚ್ಚರವಿತ್ತು, ಅವ್ವಾ! “ಇನ್ನಾ ಬೆಳಿಲಾಕತ್ಯಾದ, ಪ್ರಜ್ಞಾ” ಎಂದು ಲ್ಯಾಬಿನ ಮೇಡಂ ನಕ್ಕರು.

ದಿನಾ ಒಂದು ಕೊಡ ನೀರು ಹಾಕಿದೆ. ನಿನ್ನೆ ಬುಡದಲ್ಲಿ ಚಿಗುರು ಬಂತು.

ಅಪ್ಪ ನೆಟ್ಟಿದ್ದು ಒಣಗುವುದನ್ನು ನೋಡಲಾರದೆ ನೀನು ಕಡಿಸೆಂದೆ, ನನಗೆ ಗೊತ್ತು. ಮಳೆ ಬಿದ್ದ ಕೂಡಲೇ ಬಾ. ಆಡು ತಿನ್ನದಂತೆ ಚಿಗುರಿನ ಸುತ್ತ ಮುಳ್ಳು ಕಟ್ಟಿದ್ದೇನೆ.

ನಿನ್ನ ಮಗಳು,
ಪ್ರಜ್ಞಾ