ರಟ್ಟಿನ ಕಾಯಿ ಕಿವಿಗಿಟ್ಟವರು

ಮಾನ್ಯ ವ್ಯವಸ್ಥಾಪಕ ನಿರ್ದೇಶಕರೇ,

ನಿಮ್ಮ ಕಂಪನಿಯ ‘ಅಟ್ಟ’ ಆಟದ ಮೂರನೇ ಆವೃತ್ತಿಯಲ್ಲಿ ಮರದ ಕಾಯಿಗಳನ್ನು ತೆಗೆದು ರಟ್ಟಿನ ಬಿಲ್ಲೆಗಳನ್ನು ತುಂಬಿದ್ದೀರಿ. ಇದರಿಂದ ಶೆಟ್ಟಿಕೆರೆಯ ದಾಸಯ್ಯನವರು ಆಟದಿಂದಲೇ ಹೊರಗೆ ಬಿದ್ದಿದ್ದಾರೆ. ಅವರಿಗೆ ಕಣ್ಣು ಕಾಣುವುದಿಲ್ಲ, ಮತ್ತು ನಮ್ಮ ಸೀಮೆಯಲ್ಲಿ ಈ ಆಟವನ್ನು ಅವರಷ್ಟು ಚೆನ್ನಾಗಿ ಆಡುವವರು ಇನ್ನೊಬ್ಬರಿಲ್ಲ. ಇದನ್ನು ನಿಮಗೆ ನಾಲ್ಕು ಸಲ ಖಾಸಗಿಯಾಗಿ ಬರೆದೆ. ನಾಲ್ಕು ಸಲವೂ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬಂತು. ಅಷ್ಟೊಂದು ಅಮೂಲ್ಯವಾದದ್ದನ್ನು ನೀವೊಬ್ಬರೇ ಬಚ್ಚಿಟ್ಟುಕೊಳ್ಳುವುದು ಸರಿಯಲ್ಲವೆನಿಸಿ, ಈ ಸಲ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಚಿಕ್ಕನಾಯಕನಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಆರು ವರ್ಷದ ಹಿಂದೆ ನಿಮ್ಮ ಆಟದ ಮೊದಲ ಆವೃತ್ತಿಯನ್ನು ಕುತೂಹಲಕ್ಕೆ ತರಿಸಿದೆ. ಪೆಟ್ಟಿಗೆ ಬಿಚ್ಚಿದರೆ ನಲವತ್ತು ಪುಟ್ಟ ಮರದ ತೆಂಗಿನಕಾಯಿಗಳು, ಒಳಗೆ ಟೊಳ್ಳು. ಕೆಲವುಗಳಲ್ಲಿ ಮಣಿಯೊಂದು ಸಡಿಲವಾಗಿ ಓಡಾಡುತ್ತದೆ, ಕೆಲವುಗಳಲ್ಲಿ ಅಂಟಿಕೊಂಡಿರುತ್ತದೆ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕೊಬ್ಬರಿಯಾಗಿದೆಯೋ ಇಲ್ಲವೋ ತೀರ್ಮಾನಿಸಿ, ಅಟ್ಟದಿಂದ ಇಳಿಸಬೇಕು ಅಥವಾ ಬಿಡಬೇಕು. ನಮ್ಮ ಕಡೆ ಮನೆಮನೆಯ ಅಟ್ಟದ ಮೇಲೂ ನಡೆಯುವುದು ಇದೇ. ಹತ್ತು ಹನ್ನೊಂದು ತಿಂಗಳು ಕಾಯಿ ಅಲ್ಲಿ ಒಣಗುತ್ತದೆ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಅಂದ ದಿನವೇ ಸುಲಿಯುವುದು. ಯಾವ ಪುಣ್ಯಾತ್ಮ ಇದನ್ನು ಆಟ ಮಾಡಿದನೋ, ಅವನಿಗೆ ಇಲ್ಲಿಂದಲೇ ಕೈ ಮುಗಿದಿದ್ದೆ. ಈಗ ಅವನು ನಿಮ್ಮ ಕಂಪನಿಯಲ್ಲಿ ಇರಲಾರ ಎಂದು ನಂಬಿದ್ದೇನೆ.

ದಾಸಯ್ಯನವರು ಮೂವತ್ತು ವರ್ಷ ಊರೂರಿನ ಅಟ್ಟ ಹತ್ತಿ ಕಾಯಿ ಆರಿಸಿದವರು. ಅವರು ಅಲ್ಲಾಡಿಸಿ ‘ಇರ್ಲಿ’ ಎಂದ ಕಾಯನ್ನು ಯಾರೂ ಒಡೆಯುತ್ತಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದಮೇಲೆ ಹೆಂಡತಿ ಕೊಲ್ಲಾಪುರಮ್ಮ ಏಣಿ ಹತ್ತಲು ಬಿಡಲಿಲ್ಲ. ಎರಡು ವರ್ಷ ಜಗುಲಿಯ ಮೇಲೆ ಸುಮ್ಮನೆ ಕೂತರು. ಬಿ.ಎಡ್. ಓದುತ್ತಿದ್ದ ಮಗಳು ಮಧುಶ್ರೀ ಜೆರಾಕ್ಸಿಗೆಂದು ಬಂದವಳು ಒಂದು ದಿನ ಅಪ್ಪನನ್ನೂ ಕರೆತಂದಿದ್ದಳು. ನಾನು ತಮಾಷೆಗೆ ನಿಮ್ಮ ಮರದ ಕಾಯೊಂದನ್ನು ಅವರ ಕೈಗಿಟ್ಟೆ. ಅವರು ಕಿವಿಗೆ ಹಿಡಿದು ಎರಡು ಸಲ ಅಲ್ಲಾಡಿಸಿ, “ಇದು ಇನ್ನೂ ಬಿಟ್ಟಿಲ್ಲ ಕಣಪ್ಪ, ಒಂದ್ ಕಡೆ ಹಿಡ್ಕೊಂಡೈತೆ” ಎಂದರು. ಮುಚ್ಚಳ ತೆಗೆದು ನೋಡಿದೆ. ಮಣಿ ಒಂದು ಕಡೆ ಅಂಟಿತ್ತು. ಅವತ್ತಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಬಸ್ಸಿಳಿದು ಬರುತ್ತಿದ್ದರು, ನನ್ನನ್ನೂ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ದಯಾನಂದರನ್ನೂ ಸೋಲಿಸಿ ಸಂಜೆ ಬಸ್ಸಿಗೆ ಹೊರಡುತ್ತಿದ್ದರು. ಎದುರಿನವರು ಅಲ್ಲಾಡಿಸಿದ ಕಾಯಿಯ ಸದ್ದೂ ಅವರಿಗೆ ನೆನಪಿರುತ್ತಿತ್ತು. ನಾಲ್ಕು ವರ್ಷದಲ್ಲಿ ನಾನು ಗೆದ್ದದ್ದು ಮೂರೇ ಸಲ, ಅದರಲ್ಲೂ ಒಂದು ಸಲ ಅವರಿಗೆ ನೆಗಡಿಯಾಗಿ ಕಿವಿ ಕಟ್ಟಿತ್ತು.

ಆ ಮೊದಲ ಪೆಟ್ಟಿಗೆಯ ಮೇಲೆ ನೀವೇ ಅಚ್ಚು ಹಾಕಿಸಿದ ಸಾಲನ್ನು ನೆನಪಿಸಲೇ? ‘ಕಣ್ಣು ಮುಚ್ಚಿ ಆಡಿ, ಕಿವಿ ತೆರೆದು ಗೆಲ್ಲಿ.’ ಮೂರನೇ ಆವೃತ್ತಿಯ ಮೇಲಿರುವುದು ‘ಕಣ್ಮನ ಸೆಳೆಯುವ ಹೊಸ ರೂಪ’. ಒಳಗೆ ಚಿತ್ರ ಅಂಟಿಸಿದ ರಟ್ಟು. ತಿರುಗಿಸಿ ನೋಡುವುದು, ನೆನಪಿಟ್ಟುಕೊಳ್ಳುವುದು, ಮಗುಚಿಡುವುದು. ನಮ್ಮಲ್ಲಿ ಅಂಗನವಾಡಿಯ ಮಕ್ಕಳಿಗೆ ಇದನ್ನು ಆಡಿಸುತ್ತಾರೆ, ಸ್ವಲ್ಪ ಹೊತ್ತಿಗೆ ಅವಕ್ಕೂ ಬೇಸರವಾಗುತ್ತದೆ. ಸಾಗಣೆಗೆ ಹಗುರವಾಗಲೆಂದು ಹೀಗೆ ಮಾಡಿದಿರಂತೆ. ಹಗುರವಾಗಿದ್ದು ಪೆಟ್ಟಿಗೆ ಮಾತ್ರವೇ?

ಈ ಜನವರಿಯಲ್ಲಿ ತಿಪಟೂರಿನ ಕಲ್ಯಾಣ ಮಂಟಪವೊಂದರಲ್ಲಿ ನೀವು ಜಿಲ್ಲಾ ಸುತ್ತಿನ ಪಂದ್ಯ ನಡೆಸಿದಿರಿ. ದಯಾನಂದರೂ ದಾಸಯ್ಯನವರೂ ಹೆಸರು ಕೊಟ್ಟಿದ್ದರು, ನಾನು ನೋಡಲು ಹೋಗಿದ್ದೆ. ದಾಸಯ್ಯನವರು ಒಗೆದ ಬಿಳಿ ಅಂಗಿ ಹಾಕಿಕೊಂಡು, ನಮ್ಮ ಹಳೆಯ ಮರದ ಕಾಯಿಗಳನ್ನು ಚೀಲದಲ್ಲಿಟ್ಟುಕೊಂಡು ಬಂದರು. ನಿಮ್ಮ ಪ್ರತಿನಿಧಿ ಚೀಲವನ್ನು ಪಕ್ಕಕ್ಕಿಡಿಸಿ, ಮೂರನೇ ಆವೃತ್ತಿ ಬಿಟ್ಟು ಬೇರೇನೂ ನಡೆಯುವುದಿಲ್ಲ ಎಂದರು. ಮಧುಶ್ರೀ, “ಚಿತ್ರ ನೋಡಿ ನಾನು ಅಪ್ಪನ ಕಿವೀಲಿ ಹೇಳ್ತೀನಿ ಸಾರ್” ಎಂದಳು. ಹೊರಗಿನವರ ನೆರವು ನಿಯಮಬಾಹಿರ ಎಂದರು. ಅಷ್ಟರಲ್ಲಿ ಯಾರೋ ದಾಸಯ್ಯನವರ ಕೈಗೆ ಒಂದು ಬಿಲ್ಲೆ ಕೊಟ್ಟುಬಿಟ್ಟರು. ಮೂವತ್ತು ವರ್ಷದ ಅಭ್ಯಾಸ, ಅವರು ಅದನ್ನೂ ಕಿವಿಗಿಟ್ಟು ಅಲ್ಲಾಡಿಸಿದರು. ಮತ್ತೊಮ್ಮೆ ಅಲ್ಲಾಡಿಸಿ, “ಇದ್ರಲ್ಲಿ ಏನೂ ಇಲ್ವಲ್ಲ” ಎಂದರು. ಇಡೀ ಮಂಟಪ ನಕ್ಕಿತು. ಅವರು ಬಿಲ್ಲೆಯನ್ನು ಮೇಜಿನ ಮೇಲೆ ತಡವಿ ಇಟ್ಟು, “ನಡಿಯವ್ವ” ಎಂದು ಮಗಳ ಹೆಗಲು ಹಿಡಿದು ಹೊರಟುಹೋದರು.

ಅಂದಿನಿಂದ ದಯಾನಂದರೂ ನಾನೂ ಭಾನುವಾರಗಳಲ್ಲಿ ಆಟ ಆಡುತ್ತಿಲ್ಲ. ನಿಮ್ಮ ಕಂಪನಿ ನಮ್ಮ ಕೈಗೆ ಸಿಕ್ಕರೆ ಏನೇನು ಮಾಡಬೇಕೆಂದು ಮಾತಾಡುತ್ತೇವೆ. ನಿಮ್ಮ ಆಟಕ್ಕಿಂತ ಇದು ರುಚಿಯಾಗಿದೆ ಎಂದು ತಿಳಿಸಲು ಸಂತೋಷವಾಗುತ್ತದೆ. ಮೊದಲನೆಯದಾಗಿ ನಿಮ್ಮ ಪ್ರಧಾನ ಕಚೇರಿಯನ್ನು ಶೆಟ್ಟಿಕೆರೆಯ ಅಟ್ಟವೊಂದಕ್ಕೆ ಏರಿಸುತ್ತೇವೆ, ಏಣಿಯೇ ಲಿಫ್ಟು. ರಟ್ಟಿಗೆ ಒಪ್ಪಿಗೆ ಕೊಟ್ಟ ಅಧಿಕಾರಿಗೆ ಕಣ್ಣಿಗೆ ಬಟ್ಟೆ ಕಟ್ಟಿ ಸಾವಿರ ಕಾಯಿ ಆರಿಸಲು ಕೂರಿಸುತ್ತೇವೆ. ತಪ್ಪಾರಿಸಿದ ಕಾಯಿಯ ಕೊಳೆತ ನೀರನ್ನು ಅವರೇ ಬಳಿಯಬೇಕು, ಆ ವಾಸನೆ ಮೂರು ದಿನ ಕೈ ಬಿಡುವುದಿಲ್ಲ. ಮಧ್ಯಾಹ್ನಕ್ಕೆ ಆಡಳಿತ ಮಂಡಳಿಗೆಲ್ಲ ಮುದ್ದೆಯ ಊಟ. ಮುದ್ದೆ ರಟ್ಟಿನದು, ಆದರೆ ಮುದ್ರಣ ಉತ್ತಮ ಗುಣಮಟ್ಟದ್ದು, ಕಣ್ಮನ ಸೆಳೆಯುತ್ತದೆ. ಸಾರು ಬೇಕೆಂದವರಿಗೆ ಸಾರಿನ ಬಿಲ್ಲೆ ಬೇರೆ ಕೊಡುತ್ತೇವೆ. ನನಗೆ ನಾಲ್ಕು ಸಲ ಉತ್ತರ ಬರೆದ ಗ್ರಾಹಕ ಸೇವೆಯವರು ಕಾಫಿ ಕೇಳಿದರೆ, ‘ನಿಮ್ಮ ಬಾಯಾರಿಕೆ ನಮಗೆ ಅಮೂಲ್ಯ’ ಎಂದು ತಿಳಿಸಿ ಏಳು ಕೆಲಸದ ದಿನ ಕಾಯಲು ಹೇಳುತ್ತೇವೆ. ಇದನ್ನೆಲ್ಲ ದಯಾನಂದರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ, ಇನ್ನೂ ಹಾಳೆಗಳು ಉಳಿದಿವೆ.

ನನಗೊಂದು ಶಿಕ್ಷೆಯೂ ಅದರಲ್ಲಿ ಸೇರಬೇಕಾಗಿದೆ. ದಾಸಯ್ಯನವರನ್ನು ಮತ್ತೆ ಆಟಕ್ಕೆ ಕರೆಯಲು ಕಳೆದ ವಾರ ಅವರ ಮನೆಗೆ ಹೋಗಿದ್ದೆ. ಅವರು ಒಳಗಿದ್ದರು, ಹೊರಗೆ ಬರಲಿಲ್ಲ. ಮಧುಶ್ರೀ ಬಾಗಿಲಲ್ಲೇ ನಿಂತು ನೆಲ ನೋಡುತ್ತಾ, “ಅಪ್ಪ ಬರಾಕಿಲ್ಲ ಅಂತೈತೆ ಅಣ್ಣ. ಅವತ್ತು ನೀವೂ ನಕ್ಕಿದ್ದು ಕೇಳುಸ್ತಂತೆ” ಎಂದಳು.

ನಕ್ಕಿದ್ದೆ. ಎಲ್ಲರೂ ನಕ್ಕಾಗ ನನ್ನ ಬಾಯಿಂದಲೂ ಬಂದುಬಿಟ್ಟಿತು, ಒಂದು ಕ್ಷಣ ಅಷ್ಟೇ. ಮಂಟಪದ ತುಂಬ ಜನರಿದ್ದರು. ಆ ಗದ್ದಲದಲ್ಲಿ ನನ್ನ ನಗು ಯಾವುದೆಂದು ಅವರು ಆರಿಸಿಟ್ಟುಕೊಂಡಿದ್ದರು. ಇದಕ್ಕೆ ನಿಮ್ಮನ್ನು ನಾನು ಕ್ಷಮಿಸುವುದಿಲ್ಲ, ನನ್ನನ್ನೂ ಕ್ಷಮಿಸಿಕೊಂಡಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ತಿಪಟೂರಿನಲ್ಲಿ ಚಿತ್ರ ನೋಡಿ ಗೆದ್ದ ದಯಾನಂದರು ತಮ್ಮ ಪ್ರಮಾಣಪತ್ರವನ್ನು ಇದರೊಂದಿಗೆ ವಾಪಸು ಕಳಿಸಿದ್ದಾರೆ. ಮುಂದಿನ ತಿಂಗಳ ರಾಜ್ಯ ಸುತ್ತಿನಲ್ಲಿ ಅವರ ಕುರ್ಚಿ ದಾಸಯ್ಯನವರಿಗೆ ಸಿಗಬೇಕು, ಮೇಜಿನ ಮೇಲೆ ಮರದ ಕಾಯಿಗಳಿರಬೇಕು. ಕರೆಯಲು ನೀವೇ ಶೆಟ್ಟಿಕೆರೆಗೆ ಬರಬೇಕು, ಪ್ರತಿನಿಧಿಯನ್ನು ಕಳಿಸಕೂಡದು. ಬಂದಾಗ ಅವರ ಜಗುಲಿಯ ಮುಂದೆ, ಊರವರೆದುರು, ನಿಮ್ಮ ರಟ್ಟಿನ ಬಿಲ್ಲೆಯನ್ನು ಕಿವಿಗಿಟ್ಟು ಅಲ್ಲಾಡಿಸಿ ಏನು ಕೇಳಿಸಿತೆಂದು ಗಟ್ಟಿಯಾಗಿ ಹೇಳಬೇಕು. ಒಬ್ಬರಿಗೇ ನಾಚಿಕೆಯಾದೀತೆಂದು ಚಿಂತಿಸಬೇಡಿ, ನಿಮ್ಮ ಪಕ್ಕದಲ್ಲಿ ನಾನೂ ಒಂದು ಹಿಡಿದು ನಿಂತಿರುತ್ತೇನೆ. ಊರವರು ನಗಲಿ. ದಾಸಯ್ಯನವರೂ ನಕ್ಕರೆ, ಆ ಸದ್ದನ್ನು ಗುರುತಿಸುವಷ್ಟು ಕಿವಿ ನನಗೂ ಇದೆ.

ವಂದನೆಗಳನ್ನು ಅಂದೇ ಹೇಳುತ್ತೇನೆ.

ಇಂತಿ,
ಅಂದು ನಕ್ಕವರಲ್ಲಿ ಒಬ್ಬನಾದ
ರುದ್ರೇಶ್
ಚಿಕ್ಕನಾಯಕನಹಳ್ಳಿ